ಸರಿಸಬಹುದಾದ ಸಾಮಾನು

ತೇಜಸ್ವಿನಿ ಮೊಣಕೈವರೆಗೆ ಕೈ ಇಳಿಬಿಟ್ಟು ತೊಟ್ಟಿಯ ತಳದಲ್ಲಿ ತಡಕಾಡುತ್ತಿದ್ದಳು. ಬೆರಳಿಗೆ ಮೊದಲು ಕೊಳವೆ ಸಿಕ್ಕಿತು, ಆಮೇಲೆ ಲೋಳೆ ಮೆತ್ತಿಕೊಂಡ ಕಿವಿ. ಅಡಿಕೆಯಷ್ಟು ದಪ್ಪದ ಆ ಉಪಕರಣಕ್ಕೆ ಕಚೇರಿಯಲ್ಲಿ ಉದ್ದನೆಯ ಹೆಸರಿತ್ತು. ಎಲ್ಲರೂ ಕಿವಿ ಎಂದೇ ಕರೆಯುತ್ತಿದ್ದರು. ಮೀನುಗಳು ನೆಮ್ಮದಿಯಾಗಿವೆಯೋ ಬೆದರಿವೆಯೋ ಎಂಬುದನ್ನು ನೀರಿನ ಅಲುಗಾಟದಲ್ಲೇ ಕೇಳಿಸಿಕೊಂಡು ಕೇಂದ್ರಕ್ಕೆ ತಿಳಿಸುವುದು ಅದರ ಕೆಲಸ. ಅವಳು ಹೆಬ್ಬೆರಳಿನಿಂದ ಲೋಳೆ ಉಜ್ಜುತ್ತಿರುವಾಗ ಜಿಲೇಬಿ ಮೀನೊಂದು ಮಣಿಕಟ್ಟಿಗೆ ಮೂತಿ ತಾಗಿಸಿ ಸರ್ರನೆ ಮೂಲೆಗೆ ಓಡಿತು. ಉಳಿದವೂ ಅದರ ಹಿಂದೆ ಓಡಿದವು.

"ಇವಕ್ಕೇನಾರ ಕಾಯ್ಲೆನಾ ಮೇಡಮ್ಮೋರೆ?" ಮನೆಯ ಹಿರಿಯಾಕೆ ಮಹದೇವಿ ಹಿಂದಿನಿಂದ ಕೇಳಿದರು.

"ಕಾಯಿಲೆ ಏನೂ ಇಲ್ಲ. ನೀರು ತಿಳಿಯಾಗಿದೆ, ಬೇರು ಬೆಳ್ಳಗಿದೆ. ಆದರೂ ಸರಿಯಾಗಿ ತಿಂತಾ ಇಲ್ಲ ಅಲ್ವಾ?"

"ಬೆಳಿಗ್ಗೆ ತಿಂತವೆ. ಮಧ್ಯಾನ ಆಯ್ತು ಅಂದ್ರೆ ಹಿಂಗೇಯ, ದೆವ್ವ ಕಂಡಂಗೆ ಆಡ್ತವೆ."

ಹೊಲಗಳಿಂದ ಊರಿಗೆ ಸೊಪ್ಪು ಬರುವುದು ನಿಂತು ಬಹಳ ಕಾಲವಾಗಿತ್ತು. ಬಯಲಿನ ಬಿಸಿಲಿಗೆ ಎಲೆ ನಿಲ್ಲುತ್ತಿರಲಿಲ್ಲ. ನಿಂತದ್ದು ದಾರಿಯಲ್ಲೇ ಬಾಡುತ್ತಿತ್ತು. ಹಾಗಾಗಿ ಮನೆಗೊಂದು ಮೀನುತೋಟ ಎಂಬ ಕಾಯಿದೆ ಬಂತು. ಕೆಳಗೆ ಮೀನಿನ ತೊಟ್ಟಿ, ಮೇಲೆ ಜಲ್ಲಿ ತುಂಬಿದ ಹಾಸಿನಲ್ಲಿ ಸೊಪ್ಪು. ಮೀನಿನ ಹೊಲಸು ನೀರಿನ ಜೊತೆ ಮೇಲೇರುತ್ತದೆ, ಜಲ್ಲಿಯಲ್ಲಿ ಮನೆ ಮಾಡಿಕೊಂಡ ಕಣ್ಣಿಗೆ ಕಾಣದ ಜೀವಿಗಳು ಅದನ್ನು ಗೊಬ್ಬರ ಮಾಡುತ್ತವೆ, ಬೇರು ಆ ಗೊಬ್ಬರ ಹೀರಿ ತಿಳಿನೀರನ್ನು ಮೀನಿಗೇ ಮರಳಿಸುತ್ತದೆ. ಲೆಕ್ಕ ಸರಳ. ಕಷ್ಟವೆಲ್ಲ ಇದ್ದದ್ದು ಜಾಗದಲ್ಲಿ. ತುಂಬಿದ ತೊಟ್ಟಿ ಒಂದು ಜೊತೆ ಎತ್ತಿನಷ್ಟು ಭಾರ, ನೆಲ ತಡೆಯಬೇಕು. ಬಿಸಿಲು ಹೆಚ್ಚಾದರೆ ಪಾಚಿ, ಕಡಿಮೆಯಾದರೆ ಸೊಪ್ಪು ಸೊರಗುತ್ತದೆ. ಜನ ಓಡಾಡುವ ಕಡೆ ಇಟ್ಟರೆ ಹೆಜ್ಜೆಯ ಅದುರಿಗೆ ಮೀನು ಬೆದರುತ್ತದೆ. ಒಮ್ಮೆ ಇಟ್ಟು ಜಲ್ಲಿಯ ಜೀವಿಗಳು ನೆಲೆ ನಿಂತ ಮೇಲೆ, ಜಾಗದಲ್ಲಿ ದೋಷವಿದೆಯೆಂದು ಬರೆದುಕೊಡದೆ ಕದಲಿಸುವಂತಿಲ್ಲ. ಆ ಜಾಗ ಯಾವುದೆಂದು ಮನೆಮನೆಗೆ ಹೋಗಿ ಗೊತ್ತುಮಾಡುವವಳು ತೇಜಸ್ವಿನಿ. ಮೈಸೂರಿನ ಹೊರಅಂಚಿನ ಈ ಬಡಾವಣೆಯ ಬಹುಪಾಲು ತೊಟ್ಟಿಗಳು ಅವಳ ಮಾತಿನಂತೆಯೇ ಕುಳಿತಿದ್ದವು.

ಅವಳು ಕೈ ಒರೆಸಿಕೊಳ್ಳುವಾಗ ಮಹದೇವಿ ಮಜ್ಜಿಗೆ ತಂದುಕೊಟ್ಟರು. ತಮಗೂ ಒಂದು ಲೋಟ ತಂದುಕೊಂಡಿದ್ದರು. ಆದರೆ ಕೂರಲಿಲ್ಲ. ಒಂದು ಗುಟುಕು ಕುಡಿದು ಕಿಟಕಿಯವರೆಗೆ ಹೋದರು, ಇನ್ನೊಂದು ಗುಟುಕು ಕುಡಿದು ಬಾಗಿಲವರೆಗೆ ಬಂದರು. ಒಳಗಿನ ಕೋಣೆಯಿಂದ ಅವರ ಯಜಮಾನರ ಗೊರಕೆ ಕೇಳುತ್ತಿತ್ತು. ಮಗ ಸೊಸೆ ಕೆಲಸಕ್ಕೆ ಹೋಗಿದ್ದರು.

"ಮೇಡಮ್ಮೋರೆ, ಇದ ಬ್ಯಾರೆ ಕಡೆ ಇಡಕಾಯ್ತದಾ?"

"ಯಾಕೆ? ಇದಕ್ಕಿಂತ ಒಳ್ಳೆ ಜಾಗ ನಿಮ್ಮನೇಲಿ ಇಲ್ವಲ್ಲ."

"ಅಂಗಲ್ಲ..." ಮಹದೇವಿ ಲೋಟದೊಳಗೆ ನೋಡಿಕೊಂಡರು. "ಏನಿಲ್ಲ ಬುಡಿ. ಇರ್ಲಿ ಬುಡಿ."

ಚೀಲ ಹೆಗಲಿಗೇರಿಸುವಾಗ ತೇಜಸ್ವಿನಿಯ ಕಣ್ಣು ತೊಟ್ಟಿಯ ಹಿಂದಿನ ಗೋಡೆಗೆ ಹೋಯಿತು. ಸೊಪ್ಪಿನ ಹಾಸಿಗಿಂತ ತುಸು ಕೆಳಗೆ, ಸುಣ್ಣದ ಮೇಲೆ, ಅಂಗೈಯಗಲ ಒಂದು ಕಂದು ಗುರುತು. ಅಂಚು ಮಸುಕಾಗಿ ನಡುವೆ ಗಾಢವಾಗಿತ್ತು. ತೇವ ಹತ್ತಿರಬೇಕೆಂದು ಬೆರಳಿಟ್ಟು ನೋಡಿದಳು. ತೇವವಲ್ಲ, ಎಣ್ಣೆ. ತಲೆಗೆ ಹಚ್ಚಿಕೊಳ್ಳುವ ಕೊಬ್ಬರಿ ಎಣ್ಣೆಯ ವಾಸನೆ ಇನ್ನೂ ಇತ್ತು.

ಅದನ್ನು ಅವಳು ಆಗ ಮನಸ್ಸಿಗೆ ಹಾಕಿಕೊಳ್ಳಲಿಲ್ಲ. ಆದರೆ ಬೆರಳನ್ನು ಸೆರಗಿಗೆ ಒರೆಸಿಕೊಂಡ ಮೇಲೂ ಏನೋ ಅಂಟಿಕೊಂಡಂತೆ ದಾರಿಯುದ್ದಕ್ಕೂ ಉಜ್ಜಿಕೊಳ್ಳುತ್ತಲೇ ಇದ್ದಳು.

ಕೇಂದ್ರದ ಕೋಣೆಯಲ್ಲಿ ಒಂದಿಡೀ ಗೋಡೆ ಬಡಾವಣೆಯ ನಕ್ಷೆಯಾಗಿತ್ತು. ಒಂದೊಂದು ತೊಟ್ಟಿಗೂ ಒಂದೊಂದು ಹಸಿರು ಚುಕ್ಕೆ. ಮರುದಿನ ಮಧ್ಯಾಹ್ನದ ಊಟದ ಹೊತ್ತು ಕಳೆಯುತ್ತಿದ್ದಂತೆ ಹಸಿರಿನ ನಡುವೆ ಅಲ್ಲೊಂದು ಇಲ್ಲೊಂದು ಹಳದಿ ಮೂಡಿತು. ನೋಡುತ್ತಿದ್ದಂತೆ ಮಾಗಿದ ಹೊಲದ ಹಾಗೆ ಗೋಡೆಯೆಲ್ಲ ಹಳದಿಯಾಯಿತು.

"ಬನ್ನಿ ಮೇಡಮ್, ಶುರುವಾಯ್ತು ನೋಡಿ ನಮ್ಮ ಮೀನುಗಳ ಮಧ್ಯಾಹ್ನದ ಸಂಕಟ," ಎಂದ ಅಫ್ರೋಜ್. ಕೇಂದ್ರದ ಇಂಜಿನಿಯರ್, ಅವಳಿಗಿಂತ ಬಹಳ ಚಿಕ್ಕವನು. ಈ ಹಳದಿಯಿಂದ ಅವನ ನಿದ್ದೆ ಕೆಟ್ಟಿತ್ತು. ಬೆದರಿದ ಮೀನು ತಿನ್ನುವುದಿಲ್ಲ, ತಿನ್ನದ ಮೇವು ಕೊಳೆಯುತ್ತದೆ, ನೀರು ಕೆಡುತ್ತದೆ. ಈಗಲೇ ಕೆಲವು ಮನೆಗಳಲ್ಲಿ ಸೊಪ್ಪು ಬಿಳಿಚಿಕೊಳ್ಳತೊಡಗಿತ್ತು.

"ನೆರಳು ಕಟ್ಟಿಸಿದ್ದು ಏನಾಯ್ತು?"

"ಏನೂ ಆಗಲಿಲ್ಲ. ನೀರು ತಣ್ಣಗಾಯ್ತು, ಮೀನು ತಣ್ಣಗಾಗಲಿಲ್ಲ. ಪಂಪು ಬದಲಾಯಿಸಿದೆ, ಗಾಳಿಕೊಳವೆ ಎರಡು ಮಾಡಿದೆ. ತಮಾಷೆ ಅಂದ್ರೆ, ಭಾನುವಾರ ಮಾತ್ರ ಇದು ಇರಲ್ಲ. ಮೀನಿಗೂ ವಾರದ ರಜೆ ಇರಬೇಕು." ಅವನು ನಕ್ಕು ಇನ್ನೊಂದು ಪರದೆಯತ್ತ ತಿರುಗಿದ. "ಅಂದ ಹಾಗೆ ನಿಮ್ಮನೆ ಅಳತೆ ಬಂತು. ಕಟ್ಟಡದಲ್ಲಿ ನಿಮ್ಮದೇ ಕೊನೆ. ಈ ವಾರದ ಕೊನೆಗೆ ತೊಟ್ಟಿ ಬರುತ್ತೆ. ಜಾಗ ಅಂದ್ರೆ ಹೀಗಿರಬೇಕು ನೋಡಿ."

ಜಾಗ ಹುಡುಕುವ ಉಪಕರಣಕ್ಕೆ ನೆಲೆಗಾರ ಎಂದು ಹೆಸರು. ಮನೆಯ ಮೂಲೆಮೂಲೆಗೂ ಗುಂಡಿಯಂಥ ಸಣ್ಣ ತುಣುಕುಗಳನ್ನು ಅಂಟಿಸಿ ಕೆಲವು ದಿನ ಬಿಟ್ಟರೆ ಬೆಳಕು, ಬಿಸಿ, ನೆಲದ ಅದುರು, ಜನರ ಓಡಾಟ ಎಲ್ಲವನ್ನೂ ಅಳೆದು ಮನೆಯ ಚಿತ್ರ ಬರೆದುಕೊಡುತ್ತದೆ. ಓಡಾಟವಿರುವ ಕಡೆ ಕೆಂಪು, ಖಾಲಿ ಇರುವ ಕಡೆ ನೀಲಿ. ತೇಜಸ್ವಿನಿ ತನ್ನ ಮನೆಯನ್ನು ಮೊದಲ ಸಲ ಹೀಗೆ ಮೇಲಿನಿಂದ ನೋಡಿದಳು. ನಡುಮನೆ ಕೆಂಪು, ಸೋಫಾದ ಹಿಂದೆ ಮಾತ್ರ ತುಸು ಮಾಸಿದ ಕೆಂಪು, ಅಡುಗೆಮನೆ ಕಡುಗೆಂಪು, ಮಗಳ ಕೋಣೆ ಕೆಂಪು. ದೇವರ ಕೋಣೆಯನ್ನು ಕಾಯಿದೆಯೇ ಬಿಟ್ಟಿತ್ತು. ಅಡುಗೆಮನೆಯ ಹಿಂದೆ, ಬಟ್ಟೆ ಒಗೆಯುವ ಯಂತ್ರ ದಾಟಿದರೆ ಸಿಗುವ ಮೊಟಕು ಬಾಲ್ಕನಿಯ ತುದಿಯಲ್ಲಿ ಒಂದೇ ಒಂದು ನೀಲಿ ಚೌಕ.

"ಇಲ್ಲಿ ಖಾಲಿ ಅಂತ ಹೇಗೆ ಹೇಳುತ್ತೆ?" ಎಂದಳು. ದನಿ ಅವಳಿಗೇ ಬೇರೆಯಾಗಿ ಕೇಳಿಸಿತು.

"ಯಾರೂ ಓಡಾಡಿಲ್ಲವಲ್ಲ."

"ಯಾರಾದರೂ ಕೂತಿದ್ದರೆ?"

"ಕೂತಿದ್ದರೂ ಗೊತ್ತಾಗುತ್ತೆ ಮೇಡಮ್. ಮನುಷ್ಯ ಕೂತರೆ ಅಲ್ಲಾಡ್ತಾನೆ, ಕಾಲು ಕುಣಿಸ್ತಾನೆ, ಎದ್ದು ಬರ್ತಾನೆ, ಯಾರನ್ನೋ ಕರೀತಾನೆ. ಬಹಳ ಹೊತ್ತು ಅಲುಗದೆ ಇದ್ದರೆ ಅದು ಮನುಷ್ಯ ಅಲ್ಲ, ಸಾಮಾನು ಅಂತ ಲೆಕ್ಕ." ಅವನು ಚೌಕದ ಮೇಲೆ ಬೆರಳಿಟ್ಟ. ಅಕ್ಷರಗಳು ತೆರೆದುಕೊಂಡವು. "ಹಾ, ಇಲ್ಲೊಂದು ಸಾಮಾನಿದೆ. ಸಂಜೆ ಹೊತ್ತು ತಂದಿಡ್ತೀರಾ? ಪರವಾಗಿಲ್ಲ, ಸರಿಸಬಹುದಾದ ಸಾಮಾನು ಅಂತ ಬರೆದಿದೆ."

ತೇಜಸ್ವಿನಿ ನಕ್ಕಳು. ಅವನೂ ನಕ್ಕ. ಅವಳ ನಗು ಅವನ ನಗುವಿಗಿಂತ ಸ್ವಲ್ಪ ಹೆಚ್ಚು ಹೊತ್ತು ಉಳಿಯಿತು. ಅವನು ತಿರುಗಿ ನೋಡುವಷ್ಟು.

ಆ ಸಾಮಾನು ಅವಳೇ. ಕೆಲಸದಿಂದ ಬಂದು, ಕಾಫಿ ಬೆರೆಸಿ ಮನೆಯವರಿಗೆಲ್ಲ ಕೊಟ್ಟು, ತನ್ನ ಲೋಟ ಹಿಡಿದು ಅವಳು ಹೋಗುತ್ತಿದ್ದದ್ದು ಅಲ್ಲಿಗೆ. ಒಂದು ಹಳೆಯ ಮಣೆ. ಗೋಡೆಗೆ ಬೆನ್ನು ಕೊಟ್ಟು, ತಲೆ ಆನಿಸಿ ಕೂತರೆ ಎದುರಿಗೆ ಕಾಣುತ್ತಿದ್ದದ್ದು ಪಕ್ಕದ ಕಟ್ಟಡದ ಬೋಳು ಗೋಡೆ. ಪುಸ್ತಕ ಇರಲಿಲ್ಲ, ಫೋನ್ ಇರಲಿಲ್ಲ. ದೀಪ ಹಚ್ಚುವವರೆಗೆ ಕೂತು ಎದ್ದು ಬರುವಳು. ಅಷ್ಟೇ. ದಿನದ ಉಳಿದ ಹೊತ್ತನ್ನೆಲ್ಲ ಆ ಹೊತ್ತಿಗೆ ಒರಗಿಸಿಟ್ಟುಕೊಂಡೇ ಅವಳು ಇಷ್ಟು ವರ್ಷ ನಡೆಸಿದ್ದಳು.

ಮನೆಯಲ್ಲಿ ಸುದ್ದಿ ಅವಳಿಗಿಂತ ಮೊದಲೇ ಬಂದಿತ್ತು. ಗಂಡ ಹೇಮಂತನ ಫೋನಿಗೆ ನಕ್ಷೆ ಬಂದು, ಅವನು ಅದನ್ನು ದೊಡ್ಡದು ಮಾಡಿ ತಾಯಿಗೆ ತೋರಿಸುತ್ತಿದ್ದ.

"ಮೀನಿನ ಉಚ್ಚೆ ಕುಡಿದ ಸೊಪ್ಪು ತಿನ್ನೋ ಕಾಲ ಬಂತಲ್ಲಪ್ಪ," ಎಂದರು ಅತ್ತೆ ಪದ್ಮಲತಾ.

"ಹಸುವಿಂದಾದರೆ ಗೊಬ್ಬರ ಅಂತೀಯ, ಮೀನಿಂದಾದರೆ ಉಚ್ಚೆ ಅಂತೀಯ. ನಮಗೆ ತಿನ್ನೋ ಮೀನೇನು ಕೊಡಲ್ಲಮ್ಮ, ಬಣ್ಣದ ಮೀನು ಕೊಡ್ತಾರೆ."

"ದೇವರ ಕೋಣೆ ಹತ್ತಿರ ಮಾತ್ರ ಬೇಡ."

"ನನ್ನ ರೂಮಲ್ಲೂ ಬೇಡ. ಪರೀಕ್ಷೆ ಇದೆ, ಗುಳುಗುಳು ಅಂದ್ರೆ ನಂಗೆ ಓದೋಕಾಗಲ್ಲ," ಎಂದಳು ಒಳಗಿನಿಂದ ಮಗಳು ಇಳಾ.

"ಯಾರ ತಂಟೆಗೂ ಬರಲ್ಲ. ಹಿಂದುಗಡೆ ಖಾಲಿ ಜಾಗ ಇದೆಯಲ್ಲ, ಅಲ್ಲಿ," ಎಂದ ಹೇಮಂತ. "ನಿಮ್ಮ ಮೆಷಿನ್ನಿಗೂ ಬುದ್ಧಿ ಇದೆ ಕಣೆ ತೇಜು."

ತೇಜಸ್ವಿನಿ ಕಾಫಿಯ ಡಿಕಾಕ್ಷನ್ ಬಗ್ಗಿಸುತ್ತಾ ಹೇಳಿದಳು, "ಅಲ್ಲಿ ನಾನು ಕೂರ್ತೀನಿ."

"ಕೂರೋಕೇನು, ಸೋಫಾ ಇಲ್ವಾ?"

"ಇದೆ."

"ಅಲ್ಲಿ ಏನ್ ಮಾಡ್ತೀಯ ಕೂತು?"

"ಏನೂ ಮಾಡಲ್ಲ."

"ಮತ್ತೆ?"

ಅವನು ಕೆಟ್ಟವನಲ್ಲ. ಆ 'ಮತ್ತೆ'ಯಲ್ಲಿ ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ಉತ್ತರಕ್ಕೆ ಕಾಯುತ್ತಿದ್ದ. ಹೊಲಿಗೆ ಯಂತ್ರವಿದೆ ಎಂದಿದ್ದರೆ ಜಾಗ ಉಳಿಯುತ್ತಿತ್ತು. ಧ್ಯಾನ ಮಾಡುತ್ತೇನೆ ಎಂದಿದ್ದರೂ ಗೌರವದಿಂದ ಬಿಟ್ಟುಕೊಡುತ್ತಿದ್ದರು. ಅತ್ತೆ ಜಾಣೆ; ತಮ್ಮ ಜಾಗದಲ್ಲಿ ದೇವರನ್ನು ಜೊತೆಗೆ ಕೂರಿಸಿಕೊಂಡಿದ್ದರು, ಅಲ್ಲಿಗೆ ಯಾವ ನೆಲೆಗಾರನೂ ಬರಲಾರ. ಏನೂ ಮಾಡದಿರಲು ಒಂದು ಜಾಗ ಬೇಕೆಂದು ಕೇಳುವುದು ಹೇಗೆ?

ಅವತ್ತು ಬೇಕೆಂದೇ ಸೋಫಾದ ಮೇಲೆ ಕೂತು ನೋಡಿದಳು. ಕೂತ ಕೂಡಲೇ ಹೇಮಂತ, "ಹೇಗೂ ಇಲ್ಲೇ ಇದ್ದೀಯಲ್ಲ, ಆ ಚಾರ್ಜರ್ ಕೊಡು," ಎಂದ. ಅತ್ತೆ ಕನ್ನಡಕ ಕೇಳಿದರು. ಇಳಾ ಬಂದು ಪಕ್ಕದಲ್ಲಿ ಕಾಲು ಚಾಚಿ ಕೂತು, "ಅಮ್ಮ, ತಲೆ ನೋಯ್ತಿದೆಯಾ?" ಎಂದಳು. ತೇಜಸ್ವಿನಿ ಎದ್ದಳು. ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಹಿಂದಿನ ಬಾಲ್ಕನಿಗೆ ಹೋದಳು, ನಾಲ್ಕು ದಿನದಲ್ಲಿ ಇಲ್ಲವಾಗುವ ಜಾಗದಲ್ಲಿ ಕೂರಲು ಮನಸ್ಸು ಬಾರದೆ ವಾಪಸ್ ಬಂದಳು. ಮತ್ತೆ ಹೋದಳು. ಮೂರನೇ ಸಲಕ್ಕೆ ದೀಪ ಹಾಕಿದಾಗ ಕಾಣಿಸಿತು: ಮಣೆಯ ಮೇಲ್ಗಡೆ ಗೋಡೆಯಲ್ಲಿ, ತಲೆ ಆನಿಸುವ ಎತ್ತರಕ್ಕೆ, ಅಂಚು ಮಸುಕಾದ ಕಂದು ಗುರುತು. ಅಂಗೈಯಗಲ.

ಅವಳು ಬೆರಳಿಟ್ಟು ನೋಡಿದಳು, ಎಣ್ಣೆ. ಆಮೇಲೆ ಕೈಯೆತ್ತಿ ತನ್ನ ತಲೆಯ ಹಿಂಭಾಗ ಮುಟ್ಟಿಕೊಂಡಳು.

ಮರುದಿನ ಕೆಲಸದ ನೆಪದಲ್ಲಿ, ತಾನು ಮೊದಲು ತೊಟ್ಟಿ ಇಡಿಸಿದ್ದ ಮನೆಗಳಿಗೆ ಹೋದಳು. ಎಲ್ಲೆಡೆ ಮಾತಾಡಿಸುತ್ತಾ ಮಾತಾಡಿಸುತ್ತಾ ತೊಟ್ಟಿಯ ಹಿಂದೆ ಬಗ್ಗಿ ನೋಡಿದಳು. ಒಂದು ಮನೆಯಲ್ಲಿ ಗುರುತು ಇರಲಿಲ್ಲ, ನಿಜಕ್ಕೂ ಖಾಲಿ ಜಾಗವೇ ಇದ್ದಿರಬೇಕು. ಅವಳಿಗೆ ಎಷ್ಟೋ ಹಗುರವಾಯಿತು. ಮುಂದಿನ ಮನೆಯಲ್ಲಿ ಗೋಡೆಗೆ ಹೊಡೆದ ಸಣ್ಣ ಮೊಳೆ, ಅದಕ್ಕೆ ಇನ್ನೂ ನೇತಾಡುವ ಮಡಿಚಿದ ಬೀಸಣಿಗೆ. ಅದರ ಮುಂದಿನ ಮನೆಯಲ್ಲಿ ಎಣ್ಣೆ. ಅದರಾಚೆಯಲ್ಲೂ ಎಣ್ಣೆ. ಪ್ರತಿ ಮನೆಯಲ್ಲೂ ಅಲ್ಲಿ ನಿಂತು, ಪರದೆಯ ಮೇಲಿನ ನೀಲಿ ತೋರಿಸಿ, "ಇದೇ ನೋಡಿ, ಯಾರಿಗೂ ಬೇಡದ ಜಾಗ," ಎಂದಿದ್ದವಳು ತಾನೇ. ಆಗ ಪಕ್ಕದಲ್ಲಿ ನಿಂತ ಹೆಂಗಸರು ಏನಾದರೂ ಹೇಳಿದ್ದರೇ? ನೆನಪು ಮಾಡಿಕೊಳ್ಳಲು ನೋಡಿದಳು. ಹೂಂ ಎಂದಿದ್ದರು. ಎಲ್ಲರೂ ಹೂಂ ಎಂದಿದ್ದರು.

ಊಟದ ಹೊತ್ತು ಕಳೆದ ಮೇಲೆ ಮಹದೇವಿಯ ಮನೆ ತಲುಪಿದಳು. ಕೈಯಲ್ಲಿದ್ದ ಪುಟ್ಟ ಪರದೆಯಲ್ಲಿ ಆ ಮನೆಯ ಚುಕ್ಕೆ ಹಳದಿಯಾಗಿತ್ತು. ಮಹದೇವಿ ಮಜ್ಜಿಗೆ ಲೋಟ ಹಿಡಿದು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ನಡೆಯುತ್ತಿದ್ದರು. ಬರಿಗಾಲು, ಸದ್ದೇ ಇರಲಿಲ್ಲ. ಆದರೆ ಅವರು ತಿರುಗಿದಾಗಲೆಲ್ಲ ತೊಟ್ಟಿಯ ಮೀನುಗಳು ದಿಕ್ಕುದಿಕ್ಕಿಗೆ ಚದುರುತ್ತಿದ್ದವು.

"ಸ್ವಲ್ಪ ಕೂತ್ಕೊಳ್ಳಿ ಮಹದೇವಮ್ಮ."

"ಎಲ್ಲಿ ಕೂರನವ್ವ?"

"ಎಲ್ಲಾದರೂ."

"ಅದೇಯ, ಎಲ್ಲಿ ಅಂತೀನಿ," ಎಂದು ಮಹದೇವಿ ನಕ್ಕರು. "ಮಂಚದ ಮ್ಯಾಲೆ ಹಗಲೊತ್ತು ಕೂತ್ರೆ ಏನವ್ವ ಹುಷಾರಿಲ್ವಾ ಅಂತ ಮಗ ಆಸ್ಪತ್ರೆಗೆ ಹೊರಡ್ತನೆ. ಹೊಸ್ತಿಲ ಮ್ಯಾಲೆ ಕೂರಂಗಿಲ್ಲ. ಸೋಫಾದಾಗೆ ಕೂತ್ರೆ ಯಾರ್ದೋ ಮನೆಗೆ ನೆಂಟಸ್ತನಕ್ಕೆ ಬಂದಂಗಾಯ್ತದೆ. ಅದಕ್ಕೇ ತಿರುಗ್ತಾ ಇರ್ತೀನಿ. ತಿರುಗಿ ತಿರುಗಿ ಸಂಜೆ ಮಾಡ್ತೀನಿ."

"ಮುಂಚೆ ಇಲ್ಲಿ ಕೂರ್ತಿದ್ರಿ ಅಲ್ವಾ? ಈ ತೊಟ್ಟಿ ಇರೋ ಕಡೆ."

ಮಹದೇವಿ ತಟಕ್ಕನೆ ಅವಳ ಮುಖ ನೋಡಿದರು. "ಯಾರ್ ಹೇಳುದ್ರು?"

"ಯಾರೂ ಹೇಳಲಿಲ್ಲ. ನಾನು ಜಾಗ ತೋರಿಸಿದಾಗ ನೀವ್ಯಾಕೆ ಹೇಳಲಿಲ್ಲ?"

"ಏನಂತ ಹೇಳನಿ? ಅಲ್ಲಿ ನಾನೇನ್ ಗೇಯ್ತಿದ್ನಾ, ಬರೇತಿದ್ನಾ? ಸುಮ್ನೆ ಕೂರದು ಅಷ್ಟೇಯ. ಅಲ್ಲಿದ್ದಾಗ ಯಾರೂ ಕರೀತಿರ್ನಿಲ್ಲ." ಆಮೇಲೆ ತಗ್ಗಿದ ದನಿಯಲ್ಲಿ, "ನೀವು ಅಷ್ಟು ಓದ್ದೋರು, ಖಾಲಿ ಅದೆ ಅಂದ್ರಿ. ಇದ್ರೂ ಇರಬೌದು ಅನ್ಕಂಡೆ," ಎಂದರು.

ತೇಜಸ್ವಿನಿ ಪಕ್ಕದ ಅಡುಗೆಮನೆಗೆ ಹೋಗಿ ನೆಲದ ಮೇಲೆ, ರಾಗಿ ಡಬ್ಬಿಗಳಿಗೆ ಬೆನ್ನು ಕೊಟ್ಟು ಕೂತುಬಿಟ್ಟಳು. ಪಕ್ಕದ ನೆಲವನ್ನು ತಟ್ಟಿದಳು. ಮಹದೇವಿ ಅನುಮಾನಿಸುತ್ತ ಬಂದು ಕೂತರು. ಇಬ್ಬರ ನಡುವೆ ಪುಟ್ಟ ಪರದೆ. ಸ್ವಲ್ಪ ಹೊತ್ತು ಹಳದಿಯೇ ಇತ್ತು. ಆಮೇಲೆ ಅಂಚಿನಿಂದ ಹಸಿರು ತುಂಬಿಕೊಳ್ಳತೊಡಗಿತು. ತೊಟ್ಟಿಯ ಕಡೆಯಿಂದ ನೀರು ಜಲ್ಲಿಗೆ ಬೀಳುವ ಸದ್ದು ಬಿಟ್ಟರೆ ಏನೂ ಇರಲಿಲ್ಲ.

ಬಿಸಿಲಲ್ಲ, ಪಂಪಲ್ಲ. ಭಾನುವಾರ ಮನೆ ತುಂಬ ಜನ. ಹೆಂಗಸರಿಗೆ ಬೆಳಗಿಂದ ಸಂಜೆವರೆಗೆ ಒಲೆಯ ಮುಂದೆ ಕೆಲಸ, ಕೂರುವ ಯೋಚನೆಯೇ ಬರುವುದಿಲ್ಲ. ಉಳಿದ ದಿನಗಳ ಮಧ್ಯಾಹ್ನ ಬಿಡುವು ಸಿಗುತ್ತದೆ, ಜಾಗ ಸಿಗುವುದಿಲ್ಲ. ಅವರು ತಮ್ಮ ಹಳೆಯ ಜಾಗದ ಸುತ್ತ ತಿರುಗುತ್ತಾರೆ. ಅವರ ಕಾಲಿನ ಕಳವಳ ನೆಲಕ್ಕೆ, ನೆಲದಿಂದ ನೀರಿಗೆ. ಮೀನು ಕೇಳಿಸಿಕೊಳ್ಳುತ್ತದೆ. ಊರಿನಲ್ಲಿ ಅದನ್ನು ಕೇಳಿಸಿಕೊಂಡದ್ದು ಮೀನು ಮಾತ್ರ.

ಯೋಚಿಸುತ್ತ ಅವಳಿಗೆ ಗೊತ್ತಿಲ್ಲದೆ ಬಲಗಾಲು ಅಲುಗತೊಡಗಿತು. ಪರದೆಯಲ್ಲಿ ಹಳದಿ ಮಿಂಚಿತು. ಮಹದೇವಿ ಅವಳ ಮಂಡಿಯ ಮೇಲೆ ಕೈಯಿಟ್ಟು ಒತ್ತಿದರು.

"ಕಾಲಾಡಿಸಬ್ಯಾಡಿ ಕಣವ್ವ, ಹೆಣ್ಮಕ್ಕಳು ಕೂತ್ಕಂಡು ಕಾಲಾಡಿಸಿದ್ರೆ ಮನೆಗೆ ದರಿದ್ರ. ನಮ್ಮತ್ತೆ ಇದ್ದಿದ್ರೆ ತೊಡೆಗೆ ಒಂದು ಬುಟ್ಟಿರೋರು."

ತೇಜಸ್ವಿನಿಯ ಕಾಲು ನಿಂತಿತು. ಅವಳ ಅಜ್ಜಿಯೂ ಹಾಗೇ ಒತ್ತುತ್ತಿದ್ದರು, ತಾಯಿಯೂ. ಅವಳೂ ಇಳಾಗೆ ಹಾಗೇ ಹೇಳಿದ್ದಿತ್ತು. ಕೂತರೆ ಬೊಂಬೆಯ ಹಾಗೆ ಕೂರಬೇಕು. ಇಷ್ಟು ತಲೆಮಾರು ಅಭ್ಯಾಸ ಮಾಡಿಸಿ ಮಾಡಿಸಿ, ಕೊನೆಗೊಂದು ಯಂತ್ರ ಬಂದು ಸಾಮಾನು ಎಂದು ಬರೆದುಕೊಂಡರೆ ಅದರ ತಪ್ಪು ಏನು?

ಅಫ್ರೋಜ್‌ಗೆ ಹೇಳಬೇಕೆಂದೇ ಕೇಂದ್ರಕ್ಕೆ ಹೊರಟಳು. ಮೆಟ್ಟಿಲ ಬಳಿ ನಿಂತಳು. ಹೇಳಿದರೆ ಅವನು ನಂಬುತ್ತಾನೆ, ಒಳ್ಳೆಯ ಹುಡುಗ. ಮೇಲಿನವರು ಸಭೆ ಕರೆಯುತ್ತಾರೆ. ಆ ಜಾಗಕ್ಕೊಂದು ಹೆಸರಿಡುತ್ತಾರೆ, ಅಳತೆ ಗೊತ್ತುಮಾಡುತ್ತಾರೆ, ಅಲ್ಲಿ ಹೆಂಗಸು ದಿನಕ್ಕೆಷ್ಟು ಹೊತ್ತು ಕೂತಳೆಂದು ಗೋಡೆಯ ಮೇಲೆ ಚುಕ್ಕೆ ಮೂಡಿಸುತ್ತಾರೆ. ಯಾರೂ ಕರೆಯದ ಜಾಗ ಎಲ್ಲರೂ ನೋಡುವ ಜಾಗವಾಗುತ್ತದೆ.

ಒಳಗೆ ಹೋದಾಗ ಅವನು ತಲೆಯೆತ್ತದೆ ಕೇಳಿದ, "ಏನಾದರೂ ಗೊತ್ತಾಯ್ತಾ ಮೇಡಮ್?"

"ಇನ್ನೂ ನೋಡ್ತಾ ಇದ್ದೀನಿ. ನಮ್ಮನೆಗೆ ಮರುಅಳತೆ ಹಾಕು ಅಫ್ರೋಜ್, ತೊಟ್ಟಿ ಬರೋ ಮುಂಚೆ."

"ಅಷ್ಟು ಚೆನ್ನಾಗಿ ಬಂದಿದೆಯಲ್ಲ."

"ಮನೆಯವರು ಒಂದು ಸಲ ಕೇಳಬಹುದು ಅಂತ ನಿಯಮ ಇದೆ. ನಾನೂ ಮನೆಯವಳೇ."

ಸಂಜೆ ಅವಳು ನೆಲೆಗಾರದ ತುಣುಕುಗಳನ್ನು ಮತ್ತೆ ಮೂಲೆಮೂಲೆಗೆ ಅಂಟಿಸಿದಳು. ಹೇಮಂತ ಕೇಳಿದ್ದಕ್ಕೆ, "ಇನ್ನೊಂದು ಸಲ ಅಳೀಬೇಕಂತೆ," ಎಂದಳು. ಎಲ್ಲರಿಗೂ ಕಾಫಿ ಕೊಟ್ಟು ತನ್ನ ಲೋಟ ಹಿಡಿದು ಹಿಂದಿನ ಬಾಲ್ಕನಿಗೆ ನಡೆದಳು. ಮಣೆ ಎಳೆದುಕೊಂಡು, ಗೋಡೆಯ ಗುರುತಿಗೆ ಸರಿಯಾಗಿ ತಲೆ ಆನಿಸಿ ಕೂತಳು. ಆಮೇಲೆ ಹಿಮ್ಮಡಿಯನ್ನು ನೆಲಕ್ಕೆ ಊರಿ ಕಾಲು ಕುಣಿಸತೊಡಗಿದಳು.

ಮೊದಲಿಗೆ ಕಾಲು ಕೇಳಲಿಲ್ಲ. ನಾಚಿಕೊಂಡಂತೆ ಆಗಾಗ ನಿಂತುಬಿಡುತ್ತಿತ್ತು. ಅವಳು ಮತ್ತೆ ಹಿಮ್ಮಡಿ ಎತ್ತುತ್ತಿದ್ದಳು. ಲೋಟದಲ್ಲಿ ಕಾಫಿ ಉಂಗುರ ಉಂಗುರವಾಗಿ ನಡುಗುತ್ತಿತ್ತು.

ಇಲ್ಲಿ ಕೆಂಪು ಬಂದರೆ ಮುಂದಿನ ಒಳ್ಳೆಯ ಜಾಗ ನಡುಮನೆಯ ಸೋಫಾದ ಹಿಂದೆ. ಬೆಳಕು ತುಸು ಕಡಿಮೆ, ಸೊಪ್ಪು ನಿಧಾನವಾಗಿ ಬರುತ್ತದೆ, ಬರಲಿ. ಮಹದೇವಿಯ ಮನೆಯ ತೊಟ್ಟಿ ಕದಲಿಸುವುದು ಕಷ್ಟ, ಆಗದ್ದೇನಲ್ಲ. ಜಲ್ಲಿ ಒಣಗಲು ಬಿಡದೆ ಒದ್ದೆ ಗೋಣಿಯಲ್ಲಿ ಕಟ್ಟಿ, ಹಳೆಯ ನೀರನ್ನು ಅರ್ಧ ಉಳಿಸಿಕೊಂಡು ಹೊಸ ಜಾಗದಲ್ಲಿ ಸುರಿದರೆ ಜಲ್ಲಿಯ ಜೀವಿಗಳು ಬದುಕುತ್ತವೆ, ಮೀನೂ ಬದುಕುತ್ತವೆ. ಕಡತದಲ್ಲಿ ಕಾರಣ ಎಂಬಲ್ಲಿ ನೆಲ ಗಟ್ಟಿಯಿಲ್ಲ ಎಂದು ಬರೆಯಬೇಕು. ಅದು ಸುಳ್ಳು. ಅವಳ ಸಹಿ ಇದ್ದರೆ ನಡೆಯುತ್ತದೆ. ಮಹದೇವಿಯ ಮನೆಯಾದ ಮೇಲೆ ಬೀಸಣಿಗೆಯ ಮನೆ. ಅದಾದ ಮೇಲೆ ಇನ್ನೊಂದು.

"ತೇಜೂ, ಕಾಲು ಅಲ್ಲಾಡಿಸ್ತಿದ್ದೀಯಾ?" ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. "ದೀಪ ಹಚ್ಚೋ ಹೊತ್ತಲ್ಲಿ ಹೆಂಗಸರು ಹಾಗೆ ಮಾಡಬಾರದು."

"ಹೂಂ ಅತ್ತೆ," ಎಂದಳು ತೇಜಸ್ವಿನಿ.

ಅತ್ತೆ ಒಳಗೆ ಹೋದರು. ಅವಳ ಕಾಲು ನಿಲ್ಲಲಿಲ್ಲ.